ಎರಡನೇ ಭಾಗದ ಮಾವ

ನನ್ನ ಸೋದರಮಾವ ಸೂಪರ್‌ಹೀರೋ ಸಿನಿಮಾಗಳ ಪರಮ ಭಕ್ತರು. ಆದರೆ ಯಾವ ಸೂಪರ್‌ಹೀರೋ ಹೇಗೆ ಸೂಪರ್‌ಹೀರೋ ಆದ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ! ಯಾಕೆಂದರೆ ಅವರು ನೋಡುವುದು ಎರಡನೇ ಭಾಗಗಳನ್ನು ಮಾತ್ರ. ಮೊದಲ ಭಾಗಕ್ಕೆ ಪುಕ್ಕಟೆ ಟಿಕೆಟ್ ಕೊಟ್ಟು, ಜೊತೆಗೆ ಸಮೋಸ ಕೊಡಿಸಿದರೂ ಅವರು ಬರುವವರಲ್ಲ.

"ಮೊದಲನೇ ಭಾಗ ಅಂದ್ರೆ ಪ್ರೊಬೇಷನ್ ಕಣೇ. ಪ್ರೊಬೇಷನ್‌ನಲ್ಲಿ ಎಲ್ರೂ ಚೆನ್ನಾಗೇ ಕೆಲಸ ಮಾಡ್ತಾರೆ. ಕನ್‌ಫರ್ಮ್ ಆದ್ಮೇಲೆ ಹೇಗೆ ಅಂತ ನೋಡ್ಬೇಕು" ಎನ್ನುತ್ತಾರೆ.

ಮಾವ ಮುಂಬೈಯ ಫೋರ್ಟ್ ಬಡಾವಣೆಯ ವಿಮಾ ಕಚೇರಿಯೊಂದರಲ್ಲಿ ಕ್ಲೇಮ್ ವಿಭಾಗ ನೋಡಿಕೊಂಡು ನಿವೃತ್ತರಾದವರು. ಮೈಸೂರಿನಿಂದ ಬಂದು ಮುಂಬೈಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಅತ್ತೆ ತೀರಿಕೊಂಡ ಮೇಲೆ ದಹಿಸರ್‌ನ ಮನೆಯಲ್ಲಿ ಅವರೊಬ್ಬರೇ. ಅದೇ ಬಿಲ್ಡಿಂಗ್‌ನಲ್ಲಿ ಒಂದು ಮಹಡಿ ಮೇಲೆ ನಾನು. ಈ ಊರಿನಲ್ಲಿ ನನಗೆ ನನ್ನವರು ಅಂತ ಇರುವುದು ಅವರೊಬ್ಬರೇ.

ಮೊದಲ ಭಾಗ ನೋಡದೆ ಕಥೆ ಹೇಗೆ ಅರ್ಥವಾಗುತ್ತದೆ ಎಂದು ಕೇಳುತ್ತೀರಾ? ಅದಕ್ಕೇ ಅಲ್ಲವೇ ಪಕ್ಕದ ಸೀಟಿನವರು ಇರುವುದು! ದೀಪ ಆರುತ್ತಿದ್ದಂತೆ ಮಾವ ಅತ್ತ ಬಾಗುತ್ತಾರೆ. "ಬೇಟಾ, ಇಸ್‌ಕಾ ಬಾಪ್ ಜಿಂದಾ ಹೈ ಕ್ಯಾ?" ಇವನ ಅಪ್ಪ ಬದುಕಿದ್ದಾನಾ ಅಂತ. ಒಮ್ಮೆ ಒಬ್ಬಳು ಕಾಲೇಜು ಹುಡುಗಿ ಪಾಪ್‌ಕಾರ್ನ್ ಪಕ್ಕಕ್ಕಿಟ್ಟು ಮೊದಲ ಭಾಗವನ್ನೆಲ್ಲ ಪಿಸುಮಾತಿನಲ್ಲಿ ಹೇಳಿ ಮುಗಿಸಿದಳು. ಅಷ್ಟರಲ್ಲಿ ಎರಡನೇ ಭಾಗದ ಅರ್ಧ ಮುಗಿದಿತ್ತು. "ಹುಡುಗಿ ಎಷ್ಟು ಚೆನ್ನಾಗಿ ಹೇಳಿದ್ಲು! ಸಿನಿಮಾನೇ ಸ್ವಲ್ಪ ಅಡ್ಡ ಬಂತು" ಎಂದರು ಮಾವ.

ಆ ಭಾನುವಾರ ದಾದರ್‌ನಲ್ಲಿ ಮ್ಯಾಟಿನಿಗೆ ಹೋಗಿದ್ದೆವು. ಹಾರುವ ನಾಯಕ, ಅವನದೂ ಎರಡನೇ ಭಾಗ. ಹೊರಗೆ ಬಂದು ಸ್ಟೇಷನ್ ಕಡೆ ನಡೆಯುವಾಗ ಮಾವ ವಿಮರ್ಶೆ ಶುರುಮಾಡಿದರು.

"ಖಳನಾಯಕ ಮಾತ್ರ ಮೊದಲ ದರ್ಜೆ. ಅವನ ಸಿಟ್ಟಿಗೊಂದು ಕಾರಣ ಇದೆ. ಆ ನಾಯಕನ ತಾಯಿ ಹರಿದ ಡ್ರೆಸ್ ಹೊಲಿದುಕೊಡ್ತಾಳಲ್ಲ, ಅದೂ ಚೆನ್ನಾಗಿದೆ. ಹಾರೋ ಮಗನಿಗೂ ಗುಂಡಿ ಹಾಕಿಕೊಡೋಕೆ ಅಮ್ಮ ಬೇಕು."

"ಮತ್ತೆ ಆ ಸೇತುವೆ ಸೀನು? ಥಿಯೇಟರ್‌ಗೆ ಥಿಯೇಟರೇ ಚಪ್ಪಾಳೆ ಹೊಡೀತಲ್ಲ ಮಾವ?"

"ಸೇತುವೆ ಹಿಡಿದ, ಸರಿ. ಆದ್ರೆ ಅದಕ್ಕೆ ಮುಂಚೆ ಎಷ್ಟು ಬಿಲ್ಡಿಂಗ್ ಬೀಳಿಸಿದ? ಆ ನಷ್ಟದ ಸರ್ವೇ ಯಾರು ಮಾಡ್ತಾರೆ? ಒಬ್ಬನಾದ್ರೂ ಬಂದು ಫೋಟೋ ತೆಗೆದನಾ? ಜೊತೆಗೆ ಆ ಗೆಳೆಯರ ದಂಡು ಬೇರೆ! ಪ್ರತಿಯೊಬ್ಬನಿಗೂ ಒಂದೊಂದು ಜೋಕು, ಒಂದೊಂದು ದುಃಖ. ಮುಖ್ಯ ಕಥೆ ಕೂತ್ಕೊಳ್ಳೋಕೇ ಜಾಗ ಇಲ್ಲ."

"ಮೊದಲನೇ ಭಾಗದಲ್ಲಿ ಸತ್ತುಹೋಗಿದ್ದ ಗುರು ಎದ್ದು ಬಂದಾಗ ನೀವೂ ಶಿಳ್ಳೆ ಹೊಡೆದ್ರಿ. ನಾನು ನೋಡ್ದೆ."

"ಅವನು ಸತ್ತಿದ್ದ ಅಂತ ನನಗೇನು ಗೊತ್ತು!"

ಹೀಗೆ ನಗುತ್ತಲೇ ನಾವು ಪ್ಲಾಟ್‌ಫಾರಂಗೆ ಇಳಿದೆವು. ಇನ್ನು ಮುಂದಿನದನ್ನು ನಿಧಾನವಾಗಿ ಹೇಳಬೇಕು. ಯಾಕೆಂದರೆ ಅದು ನಡೆದಿದ್ದು ಬಹಳ ಬೇಗ.

ದಾದರ್‌ನಿಂದಲೇ ಹೊರಡುವ ಕೆಲವು ಲೋಕಲ್ ರೈಲುಗಳಿವೆ. ಅವು ಖಾಲಿಯಾಗಿ ಪ್ಲಾಟ್‌ಫಾರಂಗೆ ಬರುತ್ತವೆ. ಕಿಟಕಿ ಪಕ್ಕದ ಸೀಟು ಬೇಕಾದವರು ಗಾಡಿ ನಿಲ್ಲುವ ತನಕ ಕಾಯುವುದಿಲ್ಲ. ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಬಾಗಿಲಿನ ಕಂಬ ಹಿಡಿದು, ಒಳಗೆ ಹಾರುತ್ತಾರೆ. ಮುಂಬೈಯಲ್ಲಿ ಇದನ್ನು ಯಾರೂ ಸಾಹಸ ಅನ್ನುವುದಿಲ್ಲ, ಅಭ್ಯಾಸ ಅನ್ನುತ್ತಾರೆ. ಮಾವನಿಗೂ ಅದು ನೌಕರಿಯ ಕಾಲದಿಂದ ಬಂದ ಅಭ್ಯಾಸ. ವಯಸ್ಸಾಯಿತು, ಬಿಡಿ ಎಂದು ನಾನು ಎಷ್ಟು ಗೋಗರೆದಿದ್ದೇನೋ! "ಸೀನಿಯರ್ ಸಿಟಿಜನ್ ಆಗಿರೋದು ಸರ್ಕಾರಕ್ಕೆ, ಗಾಡಿಗಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಗಾಡಿ ಬಂತು. "ಇರು, ನಿನಗೊಂದು ಕಿಟಕಿ ಹಿಡೀತೀನಿ" ಎಂದು ಮಾವ ಓಡಿದರು.

ಕಂಬ ಕೈಗೆ ಸಿಕ್ಕಿತು. ಕಾಲಿಗೆ ನೆಲೆ ಸಿಗಲಿಲ್ಲ.

ಬಲಗಾಲು ಪ್ಲಾಟ್‌ಫಾರಂ ಅಂಚಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಎಡಗಾಲು ನನಗೆ ಕಾಣುತ್ತಿರಲಿಲ್ಲ. ಅದು ಗಾಡಿಗೂ ಪ್ಲಾಟ್‌ಫಾರಂಗೂ ನಡುವಿನ ಸಂದಿಯಲ್ಲಿದೆ ಎಂದು ನನಗೆ ಗೊತ್ತಿತ್ತು, ಆದರೆ ಕಾಣುತ್ತಿರಲಿಲ್ಲ. ನಾನು ಕೂಗಿದೆ ಅಂದುಕೊಂಡಿದ್ದೇನೆ, ಆದರೆ ಧ್ವನಿ ಬಂದ ನೆನಪಿಲ್ಲ. "ಅಯ್ಯೋ ಅಮ್ಮಾ" ಅಂದದ್ದು ಮಾವ. ಆಗ, ಮುಂಚೆಯೇ ಹಾರಿ ಒಳಸೇರಿದ್ದ ಯಾರದೋ ಒಂದು ಕೈ ಬಂದು ಅವರ ಕಾಲರ್ ಹಿಡಿಯಿತು. ಇನ್ನೊಂದು ಕೈ ಬೆಲ್ಟ್ ಹಿಡಿಯಿತು. ಮಾವ ಬಾಗಿಲೊಳಗೆ ಮಾಯವಾದರು. ಗಾಡಿ ಇನ್ನಷ್ಟು ದೂರ ಹೋಗಿ, ಏನೂ ಆಗಿಲ್ಲವೆಂಬಂತೆ ನಿಂತಿತು.

ನಾನು ಓಡಿ ಆ ಬೋಗಿ ತಲುಪಿದಾಗ, ಬಣ್ಣ ಮೆತ್ತಿದ ಅಂಗಿಯ ಒಬ್ಬ ಗಟ್ಟಿಮುಟ್ಟು ಮನುಷ್ಯ ಮಾವನನ್ನು ಬೈಯುತ್ತಿದ್ದ. ಆ 'ಅಯ್ಯೋ ಅಮ್ಮಾ' ಕೇಳಿಯೋ ಏನೋ, ಬೈಗುಳ ಕನ್ನಡದಲ್ಲೇ ಇತ್ತು. "ಏನ್ರೀ ಯಜಮಾನ್ರ, ಜೀವ ಬ್ಯಾಡಾಗೇತೇನು ನಿಮಗ? ಈ ವಯಸ್ಸಿನ್ಯಾಗ ಓಡೋ ಗಾಡಿ ಹತ್ತಾಕ ಬರ್ತಾರೇನ್ರಿ?"

ಸಾವಿನ ಬಾಯಿಂದ ಆಗಷ್ಟೇ ಹೊರಬಿದ್ದ ನನ್ನ ಮಾವ ಏನಂದಿರಬಹುದು?

"ನಿಮ್ಮದು ಯಾವ ಕಡೆ?"

"ಬಾಗಲಕೋಟಿ ಕಡೆ ರೀ. ಮೊದ್ಲ ನಿಮ್ಮ ಕಾಲು ನೋಡ್ಕೋರಿ!"

ಕಾಲು ಎರಡೂ ಇದ್ದವು. ಚಪ್ಪಲಿ ಒಂದೇ ಇತ್ತು. ಮಂಡಿಯ ಹತ್ತಿರ ಪ್ಯಾಂಟು ಹರಿದು ರಕ್ತ ಬರುತ್ತಿತ್ತು. ಅಂಥದ್ದರಲ್ಲೂ ಮಾವ ಕರವಸ್ತ್ರ ಹಾಕಿ ಕಿಟಕಿ ಸೀಟು ಹಿಡಿದಿದ್ದರು! "ಬಾ, ಕೂತ್ಕೋ" ಎಂದರು. ನಾನು ಕೂತೆ.

ದಾರಿಯುದ್ದಕ್ಕೂ ಮಾವ ಎದುರು ಸೀಟಿನ ಆ ಮನುಷ್ಯನಿಗೆ ಸಿನಿಮಾದ ಗುಣದೋಷಗಳನ್ನು ವಿವರಿಸಿದರು. ನಾನು ಅವನ ಭುಜವನ್ನೇ ನೋಡುತ್ತಿದ್ದೆ. ಅವನು ಅದನ್ನು ಮತ್ತೆ ಮತ್ತೆ ಒತ್ತಿಕೊಳ್ಳುತ್ತಿದ್ದ. ಬೆರಳು ಮಡಚಿ ಬಿಡಿಸಿ ನೋಡುತ್ತಿದ್ದ. ಅಷ್ಟು ಚಪ್ಪಾಳೆ ಗಿಟ್ಟಿಸಿದ ಆ ನಾಯಕ ಇಡೀ ಸೇತುವೆ ಹಿಡಿದ ಮೇಲೆ ಒಮ್ಮೆಯಾದರೂ ಭುಜ ಒತ್ತಿಕೊಂಡನೇ? ಸಿನಿಮಾದ ದೊಡ್ಡ ದೋಷ ಅದು ಅನ್ನಿಸಿತು. ಒಬ್ಬ ಮನುಷ್ಯನನ್ನು ಮೇಲಕ್ಕೆಳೆದರೆ ನೋಯುತ್ತದೆ. ಅಷ್ಟಾದರೂ ದಾದರ್‌ನಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. "ಜರಾ ಸರ್ಕೋ" ಎಂದು ಇನ್ನೊಬ್ಬರು ಅವನ ಪಕ್ಕದಲ್ಲಿ ಬಂದು ಕೂತರು. ಅವನು ಮಲಾಡ್‌ನಲ್ಲಿ ಇಳಿದು ಹೋದ. ಹೆಸರು ಕೇಳಲು ನಾವಿಬ್ಬರೂ ಮರೆತಿದ್ದೆವು.

ಮಾವನ ಮಂಡಿ ಬೇಗ ವಾಸಿಯಾಯಿತು. ವಾಸಿಯಾಗದವಳು ನಾನು. ಹಲ್ಲುಜ್ಜುವಾಗ, ಇಮೇಲ್ ಬರೆಯುವಾಗ, ದೋಸೆ ತಿರುವಿ ಹಾಕುವಾಗ ಆ ಎಡಗಾಲು ಕಾಣದ ಕ್ಷಣ ಬಂದು ನಿಲ್ಲುತ್ತದೆ. ಪ್ರತಿಸಲವೂ ಆ ಕೈ ಬರುವುದು ತಡವಾಗುತ್ತದೆ. ಕೆಲವು ಸಲ ಬರುವುದೇ ಇಲ್ಲ. ಅವತ್ತಿನಿಂದ ನಾನು ಲೋಕಲ್ ಹತ್ತಿಲ್ಲ. ಮೆಟ್ರೋ, ಬಸ್ಸು, ಮತ್ತೆ ಬಸ್ಸು ಹಿಡಿದು ಆಫೀಸಿಗೆ ಹೋಗುತ್ತೇನೆ.

"ಯಾಕೆ ಇಷ್ಟು ಲೇಟಾಗಿ ಬರ್ತೀಯ?" ಎಂದು ಮಾವ ಒಂದು ದಿನ ಕೇಳಿದರು.

"ಮೆಟ್ರೋದಲ್ಲಿ ಎಸಿ ಇರತ್ತೆ ಮಾವ."

ಮಾವ ನನ್ನ ಕೈಯಲ್ಲಿದ್ದ ಎರಡು ಬಸ್ ಟಿಕೆಟ್‌ಗಳನ್ನು ನೋಡಿದರು.

ಮೊನ್ನೆ ಭಾನುವಾರ ಬೆಳಗ್ಗೆ ಬಂದು ಬಾಗಿಲು ತಟ್ಟಿದರು. "ಸ್ಟೇಷನ್ ಹತ್ರ ಚಹಾ ಕುಡಿಯೋಣ ಬಾ" ಎಂದರು. ಕುಡಿದೆವು. ಆಮೇಲೆ ಎರಡು ಲೋಕಲ್ ಟಿಕೆಟ್ ತೆಗೆದರು. ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತೆವು. ಒಂದು ಗಾಡಿ ಬಂತು, ಹೋಯಿತು. ಇನ್ನೊಂದು ಬಂತು. ನಾನು ಬೆಂಚಿನ ಅಂಚು ಬಿಗಿಯಾಗಿ ಹಿಡಿದಿದ್ದೆ. ಮಾವ ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

"ನಿಂತಿದೆ ನೋಡು. ಪೂರ್ತಿ ನಿಂತಿದೆ. ಹೋಗೋಣ್ವಾ?"

"ಬೇಡ ಮಾವ."

"ಸರಿ. ಇದು ಬಿಡು, ತುಂಬಾ ರಶ್ಶಿದೆ."

ನಮ್ಮೆದುರಿನ ಬೋಗಿಯಲ್ಲಿ ಒಬ್ಬನೇ ಒಬ್ಬ ಮನುಷ್ಯ ಸೀಟಿನುದ್ದಕ್ಕೂ ಕಾಲು ಚಾಚಿ ಮಲಗಿದ್ದ.