ಎದೆಮಟ್ಟದ ಈಜು

ಎಲ್ಲ ರಗಳೆಗೂ ಕಾರಣ ಒಂದು ಹುಲ್ಲಿನ ಟೋಪಿ. ಮೂವತ್ತೈದು ವರ್ಷದ ಹಿಂದೆ ಅದು ಒಬ್ಬ ಹುಡುಗಿಯ ತಲೆಯಿಂದ ಹಾರಿ, ಕೊಲ್ಲಿಯ ನಡುವಿನ ಕರಿಬಂಡೆಗೆ ಸಿಕ್ಕಿಕೊಂಡಿತ್ತು. ಆಗಿನ್ನೂ ಮೀಸೆ ಚಿಗುರುತ್ತಿದ್ದ ನಮ್ಮ ಟೈಲರ್ ಈಜಿ ಹೋಗಿ ತಂದುಕೊಟ್ಟ. ಹುಡುಗಿ ನಕ್ಕಳು, ಮದುವೆಯೂ ಆಯಿತು. ಅಂದಿನಿಂದ ಅಂಗಡಿಗೆ ಗುಂಡಿ ಹಾಕಿಸಲು ಬಂದವರಿಗೂ ಈ ಕತೆ ಪುಕ್ಕಟೆ. ವರ್ಷ ಕಳೆದಂತೆ ಬಂಡೆ ದೂರ ಹೋಯಿತು, ಅಲೆ ಮನೆಯೆತ್ತರ ಆಯಿತು.

ಅಸಲು ವಿಷಯ ಬೇರೆ. ಅವತ್ತು ನೀರಿದ್ದದ್ದು ಎದೆಮಟ್ಟ. ಅವನು ನಡೆದೇ ಹೋಗಿದ್ದ, ಮೇಲೆ ಕೈ ಮಾತ್ರ ಬಡಿದಿದ್ದ. ಈಜಿನಲ್ಲಿ ಅವನೂ ಅವನ ಇಸ್ತ್ರಿಪೆಟ್ಟಿಗೆಯೂ ಒಂದೇ.

ಈ ಭಾನುವಾರ ಮನೆಮಂದಿಯೆಲ್ಲ ಅದೇ ಕೊಲ್ಲಿಗೆ ಬಂದರು. ಅದೇ ಉಪ್ಪುಗಾಳಿ, ಅದೇ ಕರಿಬಂಡೆ, ಬಟ್ಟೆ ಬದಲಿಸುವ ಕೋಣೆಗೆ ಅದೇ ಚಿಲಕವಿಲ್ಲದ ಬಾಗಿಲು. ಟೈಲರ್‌ನ ಎದೆ ತುಂಬಿ ಬಂತು. ತುಂಬಿದ್ದನ್ನು ಇಳಿಸಲು ಪೋಸ್ಟ್‌ಮನ್ ಭಾಮೈದ ಸಿದ್ಧನಾಗಿದ್ದ.

"ಭಾವ, ಇಷ್ಟು ವರ್ಷ ನಮ್ಮ ಕಿವಿಯೊಳಗೆ ಈಜಿದ್ರಿ. ಇವತ್ತು ಕಣ್ಣೆದುರಿಗೆ ಒಂದ್ಸಲ ಈಜಿಬಿಡಿ!"

"ಬಂಡೆ ಮುಟ್ಟಿ ಬನ್ನಿ ತಾತಾ!" ಮೊಮ್ಮಗಳೂ ಕುಣಿದಳು.

"ಸುಮ್ನಿರ್ರೋ, ಅವರಿಗೆ ವಯಸ್ಸಾಯ್ತು," ಎಂದಳು ಹೆಂಡತಿ.

ಆ ಮಾತು ಸೂಜಿಯಂತೆ ಚುಚ್ಚಿತು. "ವಯಸ್ಸಾಗಿದ್ದು ನಿನ್ನ ತಮ್ಮಂಗೆ! ಊಟ ಆಗ್ಲಿ, ತೋರಿಸ್ತೀನಿ!"

ಮೆಲ್ಲಗೆ ಜಾರಿಕೊಂಡು ಬಾಡಿಗೆ ದೋಣಿ ಹತ್ತಿದ. ಬಂಡೆಯವರೆಗೂ ಅಲ್ಲಲ್ಲಿ, ಸದಾ ಜೇಬಲ್ಲಿರುವ ಅಳತೆ ಟೇಪಿಗೆ ಕತ್ತರಿ ಕಟ್ಟಿ ನೀರಿಗೆ ಇಳಿಬಿಟ್ಟ.

"ಏನಣ್ಣಾ, ಸಮುದ್ರಕ್ಕೆ ಪ್ಯಾಂಟ್ ಹೊಲೀತೀರಾ?" ದೋಣಿಯವ ಕೇಳಿದ.

ನಲವತ್ತೆಂಟು ಇಂಚು. ಎದೆಮಟ್ಟ! ಟೈಲರ್ ನೆಮ್ಮದಿಯಾಗಿ ಎರಡು ಸಲ ಬಡಿಸಿಕೊಂಡು ಉಂಡ, ಒಂದು ನಿದ್ದೆಯನ್ನೂ ತೆಗೆದ. ಬಟ್ಟೆಯನ್ನು ಒಮ್ಮೆ ಅಳೆದರೆ ಮುಗಿಯಿತು. ಸಮುದ್ರ ಮಾತ್ರ ಮಧ್ಯಾಹ್ನದ ಉಬ್ಬರಕ್ಕೆ ಹಿಗ್ಗುತ್ತದೆ ಅನ್ನುವುದು ಪಾಪ ಅವನಿಗೆ ಹೊಳೆಯಲೇ ಇಲ್ಲ.

ಮೂರು ಗಂಟೆಗೆ ನೀರಿಗಿಳಿದ. "ನಾನೂ ಕಾಲು ನೆನೆಸ್ತೀನಿ" ಎಂದು ಹೆಂಡತಿಯೂ ಹಿಂದೆಯೇ ಇಳಿದಳು. ಟೈಲರ್ ಕೈ ಬಡಿಯುತ್ತಾ ನಡೆದ. ದಡದಲ್ಲಿ ಚಪ್ಪಾಳೆ. ಸೊಂಟ, ಎದೆ, ಗದ್ದ... ಮುಂದಿನ ಹೆಜ್ಜೆಗೆ ನೆಲವೇ ಇಲ್ಲ! ಗುಳುಂ!

ಯಾರೋ ಕಾಲರ್ ಹಿಡಿದು ಮೇಲೆತ್ತಿದರು. ನೋಡಿದರೆ ಹೆಂಡತಿ, ಮೀನಿನಂತೆ ಈಜುತ್ತಿದ್ದಾಳೆ!

"ನಿಂಗೆ... ಈಜು ಬರುತ್ತಾ?"

"ಚಿಕ್ಕಂದಿನಿಂದ. ಕದ್ದು ಕಲ್ತಿದ್ದು, ನನ್ನ ತಮ್ಮಂಗೂ ಗೊತ್ತಿಲ್ಲ."

"ಮತ್ತೆ ಅವತ್ತು ಟೋಪಿ?"

"ಗಾಳಿಗೆ ಬಿಟ್ಟಿದ್ದು ನಾನೇ ಕಣ್ರೀ. ನಂಗೆ ಈಜು ಬರುತ್ತೆ ಅಂದಿದ್ರೆ ನೀವು ನೀರಿಗಿಳೀತಿದ್ರಾ? ನೀವು ನಡ್ಕೊಂಡು ಹೋಗಿದ್ದೂ ಗೊತ್ತು. ಈಜಿ ಬಂದೋರ ಬೈತಲೆ ಕೂಡ ಕೆಟ್ಟಿರ್ಲಿಲ್ಲ!"

ಟೈಲರ್‌ನ ಕಣ್ಣು ಒದ್ದೆಯಾಯಿತು. ಉಪ್ಪುನೀರು ಅಂದುಕೊಂಡ.

"ದಡದಲ್ಲಿ ನನ್ನ ಮಾನ?"

"ಅದನ್ನ ನಂಗೆ ಬಿಡಿ."

ದಡ ಮುಟ್ಟಿದವಳೇ ಏದುಸಿರು ಬಿಟ್ಟಳು. "ಅಯ್ಯೋ, ನಾನು ಮುಳುಗ್ತಿದ್ದೆ! ಇವರೇ ಎಳ್ಕೊಂಡು ಬಂದ್ರು!"

ಭಾಮೈದ ಓಡಿಬಂದು ತಬ್ಬಿಕೊಂಡ. "ತಪ್ಪಾಯ್ತು ಭಾವ! ನಾಳೆ ಟಪಾಲಿನ ಜೊತೆ ಮನೆಮನೆಗೂ ಈ ಸುದ್ದಿ ಹಂಚ್ತೀನಿ. ಮುಂದಿನ ಭಾನುವಾರ ಎರಡು ಬಸ್ ಮಾಡೋಣ. ನಮ್ಮ ಬೀದಿ ಮಕ್ಕಳಿಗೆಲ್ಲ ನೀವೇ ಈಜು ಕಲಿಸ್ಬೇಕು!"

ಟೈಲರ್ ಕಂಗಾಲಾಗಿ ಹೆಂಡತಿಯ ಮುಖ ನೋಡಿದ. ಅವಳು ಕೂದಲು ಹಿಂಡಿಕೊಳ್ಳುತ್ತಾ ನಕ್ಕಳು, ಥೇಟ್ ಅವತ್ತಿನ ನಗು.

"ಕಲಿಸ್ತಾರೆ, ಅದಕ್ಕೇನಂತೆ! ಆಳ ನೋಡೋಕೆ ಟೇಪು ಹೇಗೂ ಇದೆಯಲ್ಲ."