ಹಸಿರು ಗುಂಡಿಗೆ ಎಂಟು ತೂತು

ಮೇಷ್ಟರಾದವನಿಗೆ ಒಂದು ಅನುಕೂಲವಿದೆ. ಒಂದೇ ತಪ್ಪನ್ನು ವರ್ಷ ವರ್ಷವೂ ಗಟ್ಟಿ ದನಿಯಲ್ಲಿ ಹೇಳುತ್ತಾ ಬಂದರೆ ಅದೇ ಪಾಠವಾಗಿಬಿಡುತ್ತದೆ. ರಾಮನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವ ನಾನು ಯುರೇನಿಯಂ ಟೆಟ್ರಾಫ್ಲೋರೈಡಿನ ವಿಷಯದಲ್ಲಿ ಹದಿನೆಂಟು ವರ್ಷ ಹೀಗೇ ತಳ್ಳಿದೆ. ಅದು ಹಸಿರು ಹರಳು, ನೀರಿನಲ್ಲಿ ಕರಗಲು ಬಹಳ ಸತಾಯಿಸುತ್ತದೆ, ಕಾಯಿಸಿ ಕರಗಿಸುತ್ತೇನೆಂದರೆ ಸಾವಿರ ಡಿಗ್ರಿ ದಾಟಬೇಕು. ಇಷ್ಟು ಸರಿ. ಅದರೊಳಗೆ ಒಂದೊಂದು ಯುರೇನಿಯಂ ಸುತ್ತ ಎಂಟು ಫ್ಲೋರಿನ್ ಕೂತಿರುತ್ತವೆ. ಇದೂ ಸರಿ. ಹೇಗೆ ಕೂತಿರುತ್ತವೆ ಎಂದಾಗ ಮಾತ್ರ ನಾನು ಬೋರ್ಡಿನ ಮೇಲೆ ಚೌಕದ ಡಬ್ಬಿ ಬರೆದು, ಮೂಲೆಗೊಂದರಂತೆ ಚುಕ್ಕಿ ಇಟ್ಟು ಕೈ ಝಾಡಿಸುತ್ತಿದ್ದೆ.

ಈ ವರ್ಷ ಮಕ್ಕಳಿಗೆ ಕೈಯಲ್ಲಿ ಹಿಡಿದು ತೋರಿಸಲು ಒಂದು ಮಾದರಿ ಬೇಕೆನ್ನಿಸಿತು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಜಯಮ್ಮನವರ ಬಳಿ ಹೋದೆ. ನಡುವೆ ದೊಡ್ಡ ಹಸಿರು ಗುಂಡು, ಸುತ್ತ ಕಡ್ಡಿಗಳ ತುದಿಯಲ್ಲಿ ಎಂಟು ಹಳದಿ ಗುಂಡು ಎಂದು ಚಿತ್ರ ಬರೆದುಕೊಟ್ಟು, ಟೆಟ್ರಾ ಅಂದರೆ ನಾಲ್ಕು ಎಂದು ಪಾಠವನ್ನೂ ಹೇಳಿದೆ.

"ಹೆಸ್ರಲ್ಲಿ ನಾಕು ಅಂತೀರ, ಗುಂಡು ಎಂಟು ಕೇಳ್ತೀರಲ್ಲ ಮೇಷ್ಟ್ರೇ" ಎಂದರು.

"ಒಂದೊಂದು ಹಳದಿ ಗುಂಡೂ ಪಕ್ಕದ ಯುರೇನಿಯಮ್ಮಿಗೂ ಸೇರಿದ್ದು ಕಣಮ್ಮ, ಎರಡು ಮನೆಗೆ ಒಂದೇ ಗೋಡೆ ಇರುತ್ತಲ್ಲ ಹಾಗೆ."

"ಹಂಗಾರೆ ಪಾಲು ಅರ್ದರ್ದ. ಎಂಟ್ರಲ್ಲಿ ಅರ್ದ ನಾಕು. ಸರಿ ಬುಡಿ."

ನನ್ನ ತರಗತಿಯಲ್ಲಿ ಇದಕ್ಕೆ ಒಂದು ವಾರ ಹಿಡಿಯುತ್ತದೆ.

ವಾರ ಬಿಟ್ಟು ಹೋದರೆ ಗುಂಡುಗಳು ಥಳಥಳ ಹೊಳೆಯುತ್ತಿದ್ದವು. ಆದರೆ ಮೇಲಿನ ನಾಲ್ಕು, ಕೆಳಗಿನ ನಾಲ್ಕರ ನೇರಕ್ಕಿಲ್ಲದೆ ಓರೆಯಾಗಿ ಕೂತಿದ್ದವು. ಚಿತ್ರ ತೋರಿಸಿ ಆಕ್ಷೇಪಿಸಿದೆ.

"ನೀವ್ ಬರ್ದಂಗೇ ಕೂರಿಸ್ದೆ ಸಾ. ಮೇಲ್ಗಡೇವು ಕೆಳ್ಗಡೇವು ಮೂತಿಗೆ ಮೂತಿ ತಾಗುಸ್ಕೊಂಡು ಒದ್ದಾಡ್ತಿದ್ವು. ಮೇಲಿನ್ ನಾಕನ್ನ ಒಸಿ ತಿರುಗಿಸಿ ತೂತು ಕೊರ್ದೆ, ಸಂದೀಲಿ ನೆಮ್ಮದಿಯಾಗಿ ಕೂತ್ಕಂಡ್ವು. ನಿಮ್ ಯುರೇನಿಯಮ್ಮಿಗೂ ಇಷ್ಟು ಗೊತ್ತಿರಾಕಿಲ್ವಾ?"

ಅವರದೇ ತಪ್ಪೆಂದು ಸಾಧಿಸಲು ಮನೆಗೆ ಬಂದು ದಪ್ಪ ಪುಸ್ತಕ ತೆಗೆದೆ. ಯುರೇನಿಯಮ್ಮಿಗೆ ಗೊತ್ತಿತ್ತು. ಪುಸ್ತಕದ ಚಿತ್ರದಲ್ಲೂ ಮೇಲಿನ ನಾಲ್ಕರ ಚೌಕ ತಿರುಗಿಕೊಂಡೇ ಕೂತಿತ್ತು.

ಮರುದಿನ ತರಗತಿಯಲ್ಲಿ ಮಾದರಿ ತೋರಿಸಿ ತಪ್ಪೊಪ್ಪಿಕೊಂಡೆ. ರೂಪಾ ಎಂಬ ಹುಡುಗಿ ಹೋದ ತಿಂಗಳ ಟೆಸ್ಟ್ ಪೇಪರ್ ಹಿಡಿದು ಎದ್ದು ಬಂದಳು. ಅವಳ ಚಿತ್ರದಲ್ಲಿ ಮೇಲಿನ ಚೌಕ ತಿರುಗಿತ್ತು. ಪಕ್ಕದಲ್ಲೇ ನನ್ನ ಕೆಂಪು ಶಾಯಿ: 'ಸೊಟ್ಟ. ಪಾಠ ಗಮನವಿಟ್ಟು ಕೇಳು.' ಎರಡು ಅಂಕ ಕಿತ್ತಿದ್ದೆ. "ನೀನೊಬ್ಬಳೇ ಪುಸ್ತಕ ನೋಡಿದ್ದೀಯಮ್ಮ" ಎಂದು ಅಂಕ ತುಂಬಿಕೊಟ್ಟು, ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆ.

ಬೆಲ್ ಹೊಡೆದ ಮೇಲೆ ಅವಳು ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಸಾರ್, ನಾನು ಪುಸ್ತಕ ನೋಡಿರ್ಲಿಲ್ಲ. ನೀವ್ ಹೇಳ್ದಂಗೇ ಡಬ್ಬಿ ಬರೆಯಕ್ ಹೋದೆ, ಸ್ಕೇಲ್ ಜಾರ್ಬುಡ್ತು."

ಅಂಕ ವಾಪಸ್ ಪಡೆಯಲಿಲ್ಲ. ಸ್ಕೇಲ್ ಜಾರದೇ ಹೋಗಿದ್ದರೆ ಅವಳೂ ನನ್ನ ಹಾಗೇ ತಪ್ಪು ಬರೆದು, ಅವತ್ತೇ ನನ್ನಿಂದ ಪೂರ್ತಿ ಅಂಕ ಪಡೆದಿರುತ್ತಿದ್ದಳು.