ಸೇದದ ಬೀಡಿಯ ಹೊಗೆ

ನನ್ನ ಗಂಡ ಬೀಡಿ ಸೇದುತ್ತಿರಲಿಲ್ಲ. ನನ್ನ ತಕರಾರು ಅದೇ. ಸೇದುತ್ತಿದ್ದರೆ ನಾನು ಉಳಿದ ವಿಧವೆಯರ ಹಾಗೆ ಹಾಯಾಗಿ ಅತ್ತುಕೊಂಡು ಇರುತ್ತಿದ್ದೆ. ಹೇಳಿದೆ, ಕೇಳಲಿಲ್ಲ, ಹೋದರು ಎಂದು ಮೂರು ಮಾತಿನಲ್ಲಿ ಮುಗಿಯುತ್ತಿತ್ತು.

ಅವರ ಹೆಸರು ಗದಿಗೆಪ್ಪ. ಇದ್ದಾಗ ಒಂದು ದಿನವೂ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಸತ್ತ ಮೇಲೆ ದವಾಖಾನೆಯವರು, ಮುನಿಸಿಪಾಲಿಟಿಯವರು, ರೇಷನ್ ಕಾರ್ಡಿನವರು ಎಲ್ಲರೂ 'ನಾಮ್ ಬೋಲೋ, ಜೋರ್ ಸೇ ಬೋಲೋ' ಎಂದು ಕೇಳಿ ಕೇಳಿ ನನ್ನ ನಾಚಿಕೆ ಬಿಡಿಸಿದರು.

ಸಾಂತಾಕ್ರೂಜ್ ಪೂರ್ವದಲ್ಲಿ ಹೈವೇಗೆ ಅಂಟಿಕೊಂಡ ಹಾಗೆ ಒಂದು ಬಿಲ್ಡಿಂಗ್ ಇದೆ. ಅದರ ಗೇಟಿಗೆ ಹದಿನಾರು ವರ್ಷ ಅವರೇ ವಾಚ್‌ಮನ್. ಒಂದು ಕಾಲು ಮುರಿದು ತಂತಿ ಸುತ್ತಿದ ಪ್ಲಾಸ್ಟಿಕ್ ಕುರ್ಚಿ ಅವರ ಸಿಂಹಾಸನ. ಎದುರಿಗೇ ಸಿಗ್ನಲ್. ಕೆಂಪು ದೀಪ ಬಿದ್ದರೆ ಲಾರಿ, ಬಸ್ಸು, ರಿಕ್ಷಾ ಎಲ್ಲ ಅವರ ಮುಂದೆ ಬಂದು ನಿಂತು ಹೊಗೆ ಬಿಡುತ್ತಿದ್ದವು. ಹಸಿರು ಬಿದ್ದರೆ ಹೊರಡುವ ಮುಂಚೆ ಹಾರ್ನ್ ಹೊಡೆದು ಇನ್ನೊಂದಷ್ಟು ಬಿಡುತ್ತಿದ್ದವು. (ಹಳದಿ ದೀಪಕ್ಕೆ ಮಾತ್ರ ಯಾರೂ ಏನೂ ಮಾಡುತ್ತಿರಲಿಲ್ಲ. ಅದನ್ನು ಯಾರೂ ನೋಡಿಯೇ ಇಲ್ಲ.) ಸಂಜೆ ಮನೆಗೆ ಬಂದು ಮೂಗು ಸೀನಿದರೆ ಕಾಡಿಗೆ. ಮಗಳು ಸಪ್ನಾ ಸಣ್ಣವಳಿದ್ದಾಗ "ಅಪ್ಪನ ಮೂಗಿನಾಗ ಪೆನ್ಸಿಲ್ ಅದ" ಎನ್ನುತ್ತಿದ್ದಳು.

ಮೊದಲು ಹೋದದ್ದು ಕಿವಿ. ಗೇಟಿನಲ್ಲಿ ಓರೆಯಾಗಿ ಕೂಡುತ್ತಿದ್ದರಿಂದ ರಸ್ತೆಯ ಕಡೆಯ ಎಡಗಿವಿ ಪೂರ್ತಿ ಹೋಯಿತು. ಬಿಲ್ಡಿಂಗ್ ಕಡೆಯ ಬಲಗಿವಿ ಅರ್ಧ ಉಳಿಯಿತು. ಜಗಳ ಶುರುವಾದರೆ ಅವರು ಮೆಲ್ಲಗೆ ತಿರುಗಿ ನನಗೆ ಎಡಗಿವಿ ಕೊಡುತ್ತಿದ್ದರು. ನಾನು ಎದ್ದು ಬಲಕ್ಕೆ ಹೋಗಿ ಕೂಡುತ್ತಿದ್ದೆ. ಅವರು ಮತ್ತೆ ತಿರುಗುತ್ತಿದ್ದರು. ಹತ್ತು ಅಡಿಯ ಖೋಲಿಯಲ್ಲಿ ಗಂಡ ಹೆಂಡತಿ ಗಿರಣಿಯ ಕಲ್ಲಿನ ಹಾಗೆ ಸುತ್ತುತ್ತಿದ್ದೆವು. ಕೊನೆಗೆ ನಾನು ಕೂಗಲೇಬೇಕಾಗುತ್ತಿತ್ತು. ಹೀಗಾಗಿ ನಮ್ಮ ಮನೆಯ ಗುಟ್ಟು ಚಾಳಿನ ಇಪ್ಪತ್ತೆರಡು ಖೋಲಿಗೂ ಗೊತ್ತು.

ಆಮೇಲೆ ಕೆಮ್ಮು ಬಂತು. ಪರೇಲಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, ಮೂವತ್ತು ವರ್ಷ ಬೀಡಿ ಸೇದಿದವರ ಪುಪ್ಪುಸ ಹೀಗೆ ಇರುತ್ತದೆ, ದಿನಕ್ಕೆ ಎಷ್ಟು ಎಂದು ಕೇಳಿದರು.

"ನಹೀ ಸಾಬ್" ಎಂದರು ಇವರು.

ಡಾಕ್ಟರು ನನ್ನ ಕಡೆ ತಿರುಗಿ, "ಬಾಯಿ, ತುಮ್ ಸಚ್ ಬೋಲೋ" ಎಂದರು.

ಓದಿದವರು ಯಾರೂ ಅಲ್ಲಿಯವರೆಗೆ ನನ್ನ ಅಭಿಪ್ರಾಯ ಕೇಳಿರಲಿಲ್ಲ. ನನಗೆ ಸೊಕ್ಕು ಬಂತು. ಅವರ ಅಂಗಿ ದಿನವೂ ಹೊಗೆ ನಾರುವುದು ನೆನಪಾಯಿತು. ಭಾನುವಾರ ಪಕ್ಕದ ಖೋಲಿಯ ಖಂಡಪ್ಪನ ಜೊತೆ ಕಟ್ಟೆಗೆ ಕೂಡುವುದು ನೆನಪಾಯಿತು. (ಖಂಡಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಾನೆ. ವಯಸ್ಸು ಎಪ್ಪತ್ತೊಂದು. ಇವತ್ತಿಗೂ ನೀರಿನ ಡ್ರಮ್ಮು ಒಬ್ಬನೇ ಎತ್ತುತ್ತಾನೆ.) ಎರಡೂ ಕೂಡಿಸಿದೆ. ದಿವ್ಯಜ್ಞಾನ ಉಂಟಾಯಿತು.

"ಸೇದ್ತಾರ್ರಿ ಸಾಹೇಬ್ರ. ಕದ್ದು ಸೇದ್ತಾರ. ಬರ್ಕೋರಿ" ಎಂದೆ. ಬರೆದುಕೊಂಡರು. ಬೀಡಿ ಬಿಡಿಸಿ, ಉಳಿದದ್ದು ಆಮೇಲೆ ನೋಡೋಣ ಎಂದರು.

ಲೋಕಲ್ ರೈಲಿನಲ್ಲಿ ವಾಪಸ್ ಬರುವಾಗ ಬಲಗಿವಿಯ ಕಡೆ ಕೂತು ವಿಚಾರಣೆ ಶುರು ಮಾಡಿದೆ.

"ಖರೇ ಹೇಳ್ರಿ. ಎಷ್ಟು ವರ್ಷದಿಂದ?"

"ನಾ ಸೇದಂಗಿಲ್ಲಲೇ ಹಾಲವ್ವ. ಶರಣಬಸಪ್ಪನ ಆಣಿ."

"ದೇವ್ರಿಗ್ಯಾಕ ನಡುವ ಎಳೀತೀರಿ? ಅವ ಬಂದು ನಿಮ್ಮ ಎಕ್ಸ್‌ರೇ ನೋಡ್ಯಾನೇನು?"

"ಮತ್ತ ಯಾರ ಆಣಿ ಮಾಡ್ಲಿ?"

"ಸಪ್ನಾನ ತಲಿ ಮ್ಯಾಲ ಮಾಡ್ರಿ."

"ಆ ಕೂಸಿನ ತಲಿ ಯಾಕ ಬಿಡು."

"ನೋಡಿದ್ರ್ಯಾ! ಹೆದರಿದ್ರಿ! ಸಿಕ್ಕೊಂಡ್ರಿ!"

ಇಡೀ ಡಬ್ಬಿ ನಮ್ಮನ್ನು ನೋಡಿತು. ಮಾತು ತಿಳಿಯದ ಗುಜರಾತಿ ಹೆಂಗಸೊಬ್ಬಳೂ ಇವರ ಕಡೆ ನೋಡಿ ಛೀ ಎನ್ನುವ ಹಾಗೆ ಮುಖ ಮಾಡಿದಳು.

ಅವತ್ತಿನಿಂದ ತಪಾಸಣಾ ಕಾರ್ಯ ಆರಂಭ. ಸಂಜೆ ಹೊಸ್ತಿಲು ದಾಟುವ ಮುಂಚೆ ಜೇಬು ತೋರಿಸಬೇಕು. ಆಮೇಲೆ ಬಾಯಿ ತೆರೆದು ನನ್ನ ಮುಖಕ್ಕೆ 'ಹಾ' ಎಂದು ಉಸಿರು ಬಿಡಬೇಕು. ಅವರು 'ಹಾ' ಎನ್ನುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ನಾನು ಮುಖ ಒರೆಸಿಕೊಂಡು ಇನ್ನೊಮ್ಮೆ ಎನ್ನುತ್ತಿದ್ದೆ. ಉಳ್ಳಾಗಡ್ಡಿಯ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ. ಒಮ್ಮೆ ಲವಂಗದ ವಾಸನೆ ಸಿಕ್ಕಿತು. ಅವತ್ತು ಊಟ ಬಡಿಸಲಿಲ್ಲ. ಲವಂಗವನ್ನು ಕೆಮ್ಮಿಗೆ ಅರೆದು ನಾನೇ ಕೊಟ್ಟಿದ್ದೆ ಎಂಬುದು ಮರುದಿನ ನೆನಪಾಯಿತು.

"ಅವ್ವ, ಯೇ ಕ್ಯಾ ಹೈ ಯಾರ್" ಎಂದಳು ಸಪ್ನಾ. "ಅಪ್ಪ ಏನ್ ದಾರೂ ಪೀಕೇ ಗಾಡಿ ಹೊಡ್ದಾನೇನು? ಟ್ರಾಫಿಕ್ ಪೊಲೀಸ್ ಹಾಂಗ ಮಾಡ್ತಿ."

"ನೀ ಸುಮ್ಕಿರು. ನಿನ್ನ ಅಪ್ಪನ್ನ ಉಳಿಸ್ಲಾಕತ್ತೀನಿ."

ಹೌದು, ಉಳಿಸುತ್ತಿದ್ದೆ. ಅದಕ್ಕೆಂದೇ ಒಂದು ಉಪಾಯ ಮಾಡಿದೆ. ಖಂಡಪ್ಪನ ಸಹವಾಸ ತಪ್ಪಬೇಕಾದರೆ ಭಾನುವಾರ ಇವರು ಚಾಳಿನಲ್ಲಿ ಇರಬಾರದು. ಬಿಲ್ಡಿಂಗಿನ ಸೆಕ್ರೆಟರಿಗೆ ಕೈಮುಗಿದು ಭಾನುವಾರವೂ ಡ್ಯೂಟಿ ಹಾಕಿಸಿದೆ. ಇವರು ಒಂದೇ ಒಂದು ಸಲ, "ಒಂದಿನ ಮನ್ಯಾಗ ಮಲಗ್ತಿದ್ದೆ. ಅಲ್ಲಿ ಕುಂತ್ರ ತಲಿ ಧಿಮ್ ಅಂತದ" ಎಂದರು.

"ಬಯಲಾಗ ಕುಂದ್ರಿ. ಛಲೋ ಗಾಳಿ ಬರ್ತದ" ಎಂದೆ.

ಈ ಬಾಯಿಂದಲೇ ಎಂದೆ.

ಗೇಟಿನಲ್ಲೇ ಸೇದಿದರೆ? ಅದಕ್ಕೂ ನನ್ನಲ್ಲಿ ಉಪಾಯವಿತ್ತು. ಮಾಟುಂಗದಲ್ಲಿ ಎರಡು ಮನೆಯ ಪಾತ್ರೆ ತೊಳೆಯುವ ಕೆಲಸ ಬಿಟ್ಟೆ. ಸಿಗ್ನಲ್ಲಿನಲ್ಲಿ, ಇವರ ಗೇಟಿಗೆ ನೇರ ಎದುರಿಗೆ, ಗೋಣಿ ಹಾಸಿ ಕೂತೆ. ಶನಿವಾರ ಗಾಡಿಗೆ ಕಟ್ಟುವ ನಿಂಬೆಹಣ್ಣು ಮೆಣಸಿನಕಾಯಿ, ಉಳಿದ ದಿನ ಮೊಗ್ಗಿನ ಗಜರೆ ಮಾರಿದೆ. ಜನರ ಗಾಡಿಗೆ ದೃಷ್ಟಿ ತಾಗದ ಹಾಗೆ ಕಟ್ಟಿಕೊಡುತ್ತಾ ನನ್ನ ದೃಷ್ಟಿಯನ್ನು ಮಾತ್ರ ಗಂಡನ ಮೇಲೆ ಇಟ್ಟಿದ್ದೆ. ರಾಜರ ಕಾಲದಲ್ಲಿ ಗೂಢಚಾರರು ಇರುತ್ತಿದ್ದರಂತೆ. ಅವರಿಗೂ ಭಾನುವಾರ ರಜೆ ಇದ್ದಿರಬೇಕು. ನನಗೆ ಇರಲಿಲ್ಲ.

ಒಂದೂವರೆ ವರ್ಷ ಕೂತೆ. ನೋಡಿದ್ದು ಇಷ್ಟು: ಗೇಟು ತೆಗೆಯುವುದು, ಸೀಟಿ ಊದುವುದು, ಗೇಟು ಹಾಕುವುದು, ಕೆಮ್ಮುವುದು. ಸೀಟಿ ಊದಲು ಉಸಿರು ಸಾಲದೆ ಹೋದ ಮೇಲೆ ಕೈ ಬೀಸುವುದು. ಮಧ್ಯಾಹ್ನ ಮೂರಕ್ಕೆ ರಸ್ತೆ ದಾಟಿ ಬಂದು ತಮ್ಮ ಚಹಾದಲ್ಲಿ ಅರ್ಧ ನನಗೆ ಕೊಡುವುದು.

"ಕೈ ಮುಚ್ಚಿ ಕುಡಿ. ಧೂಳ ಅದ" ಎನ್ನುತ್ತಿದ್ದರು.

ನಾನು ಮೊದಲು ಲೋಟ ಮೂಸಿ ನೋಡಿ ಆಮೇಲೆ ಕುಡಿಯುತ್ತಿದ್ದೆ.

ಬೀಡಿ ಕಾಣಲಿಲ್ಲ. ಬೇರೆ ಯಾರೇ ಆದರೂ, ಪಾಪ, ಸೇದುವುದಿಲ್ಲ ಎಂದು ತಿಳಿಯುತ್ತಿದ್ದರು. ನಾನು ಇವರು ಬಲು ಜಾಣರು ಎಂದು ತಿಳಿದೆ. ಖಂಡಪ್ಪನ ಹೆಂಡತಿ ಗುರುಬಾಯಿ ಅನುಭವಸ್ಥೆ. "ಗಂಡಸರು ಪಾಯಖಾನ್ಯಾಗ ಕುಂತು ಸೇದ್ತಾರವ್ವ. ನಿಂಗೇನು ಗೊತ್ತು" ಎಂದಳು. ಅದೂ ಸರಿ ಎನಿಸಿತು. ಪಾಯಖಾನೆಗೆ ಹೋದರೆ ಹೊರಗೆ ನಿಂತು ಎಣಿಸತೊಡಗಿದೆ. ಇನ್ನೂರು ದಾಟಿದರೆ ಬಾಗಿಲು ಬಡಿಯುತ್ತಿದ್ದೆ.

ಸಂಕ್ರಾಂತಿಗೆ ಎಂಟು ದಿನ ಇತ್ತು. ಬೆಳಿಗ್ಗೆ ಹತ್ತು ಗಂಟೆ. ಪರೇಲಿನ ದವಾಖಾನೆಯ ಮಂಚದ ಮೇಲೆ ಅವರು ಆಕ್ಸಿಜನ್ ಮಾಸ್ಕ್ ಸರಿಸಿ ನನ್ನನ್ನು ಹತ್ತಿರ ಕರೆದರು. ಕಿವಿ ಕೊಟ್ಟೆ.

"ಸೇದಿಲ್ಲಲೇ" ಎಂದರು.

"ಇರ್ಲಿ ಬಿಡ್ರಿ. ಮಾಫ್ ಮಾಡೀನಿ" ಎಂದೆ. (ಎಂಥ ದೊಡ್ಡ ಮನಸ್ಸು ನೋಡಿ ನನ್ನದು.)

ಮಾಸ್ಕ್ ಮತ್ತೆ ಹಾಕಿದೆ. ಹನ್ನೊಂದಕ್ಕೆ ತೆಗೆದರು.

ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಚಾಳಿನ ತಗಡಿನ ಛಾವಣಿಯ ಮೇಲೆ ಹೋಳಿಗೆ, ಬದನೆಕಾಯಿ ಪಲ್ಯ, ಕಡಕ್ ರೊಟ್ಟಿ ಇಟ್ಟೆ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕಡ್ಡಿಪೆಟ್ಟಿಗೆ. ಇನ್ನು ಮೇಲಾದರೂ ಕದಿಯದೆ ಸೇದಲಿ ಎಂದು. ಕಾಗೆ ಬಂತು. ಹೋಳಿಗೆ ಮುಟ್ಟಿತು. ಪಲ್ಯ ಮುಟ್ಟಿತು. ಬೀಡಿ ಕಟ್ಟಿನ ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ಹಾರಿಹೋಯಿತು. ಕಾಗೆಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ. ಹಾಳು ಮಾಡಬಾರದೆಂದು ಖಂಡಪ್ಪ ಆ ಕಟ್ಟನ್ನು ಎತ್ತಿಕೊಂಡ.

ಅವರು ಹೋದ ಮೇಲೂ ನಾನು ಸಿಗ್ನಲ್ಲಿನಲ್ಲೇ ಕೂತೆ. ಗೇಟಿಗೆ ಹೊಸ ವಾಚ್‌ಮನ್ ಬಂದ. ಅವನನ್ನು ಕಾಯುವ ಕೆಲಸ ನನ್ನದಲ್ಲ. ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ನನಗೂ ಕೆಮ್ಮು ಬಂತು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಊದಿದ ಹಾಗೆ ಆಗುತ್ತಿತ್ತು. ಸಪ್ನಾ ರಜೆ ಹಾಕಿ ಪರೇಲಿಗೆ ಕರೆದುಕೊಂಡು ಹೋದಳು. ಈ ಸಲ ಬೇರೆ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ. ಒಂದು ಕೊಳವೆ ಬಾಯಿಗಿಟ್ಟು ಊದು, ಊದು, ಇನ್ನೂ ಊದು ಎಂದರು. ಕಣ್ಣು ಕತ್ತಲೆ ಬರುವ ತನಕ ಊದಿದೆ. ಮೆಷಿನ್ ಬಿಟ್ಟ ಚೀಟಿ ನೋಡಿ, ಎಕ್ಸ್‌ರೇ ನೋಡಿ, ನನ್ನ ಕಡೆ ತಿರುಗಿದರು.

"ಬೀಡಿ ಪೀತೀ ಹೋ ಕ್ಯಾ, ಮೌಸಿ? ಕಿತನೇ ಸಾಲ್ ಸೇ?"

"ನಾನಾ?" ಎಂದೆ. "ನಹೀ, ನಹೀ. ಶರಣಬಸಪ್ಪನ ಆಣಿ."

ಡಾಕ್ಟರು ಸಪ್ನಾ ಕಡೆ ನೋಡಿದರು. ಸಪ್ನಾ ನನ್ನ ಕಡೆ ನೋಡಿದಳು. ಆ ನೋಟ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾನೇ ಹೆತ್ತದ್ದು.

"ಅವ್ವ, ಸಚ್ ಬೋಲ್ ನಾ" ಎಂದಳು ಮೆಲ್ಲಗೆ.

ಈ ಡಾಕ್ಟರಿಗೆ ಮಾತ್ರ ತಾಳ್ಮೆ ಇತ್ತು. ಮನೆ ಎಲ್ಲಿ, ಕೆಲಸ ಎಲ್ಲಿ, ದಿನಕ್ಕೆ ಎಷ್ಟು ತಾಸು ಎಂದು ಕೇಳಿದರು. ಹೇಳಿದೆ. ಬರೆಯುವುದನ್ನು ನಿಲ್ಲಿಸಿ, ಇದು ರಸ್ತೆಯ ಹೊಗೆ ಮಾಡಿದ ಕೆಲಸ, ಅಲ್ಲಿ ಕೂಡಬೇಡಿ ಎಂದರು. ಹಾರ್ನಿನ ಗದ್ದಲಕ್ಕೆ ಬಿ.ಪಿ.ಯೂ ಏರುತ್ತದೆ, ಕಿವಿಯೂ ಹೋಗುತ್ತದೆ, ಮೊದಲು ಆ ಜಾಗ ಬಿಡಿ ಎಂದರು.

ಅಷ್ಟೇ. ಅಲ್ಲಿ ಕೂಡಬೇಡಿ. ಎರಡೇ ಮಾತು.

ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು.

"ನಮ್ಮ ಮನಿಯವರಿಗೆ ಆಗಿತ್ತು. ಅವರೂ ಅಲ್ಲೇ ಕೂಡ್ತಿದ್ರು. ಎದುರಿಗೆ."

ಅಲ್ಲಿ ಕೂಡಬೇಡಿ ಎಂದು ಅವರಿಗೆ ಯಾರೂ ಹೇಳಲಿಲ್ಲವೇ ಎಂದರು.

ಇಲ್ಲ ಎಂದೆ. ಕಾಗದದಲ್ಲಿ ಬೀಡಿ ಎಂದು ಬರೆದಿತ್ತು ಎಂದೆ. ಯಾರು ಬರೆಸಿದ್ದು ಎಂದು ಅವರು ಕೇಳುವ ಮುಂಚೆ, ಅವರು ಕೊಟ್ಟ ಉಸಿರಿನ ಔಷಧದ ಪಂಪು ಎತ್ತಿಕೊಂಡು, ಇದನ್ನ ಹ್ಯಾಂಗ ಹಿಡೀಬೇಕು ತೋರಿಸಿ ಎಂದೆ. ತೋರಿಸಿದರು. ಉಸಿರು ಹೊರಗೆ ಬಿಡಿ, ಒತ್ತಿ, ಆಳವಾಗಿ ಎಳೆಯಿರಿ, ಹತ್ತು ಎಣಿಸುವ ತನಕ ಹಿಡಿಯಿರಿ, ಬಿಡಿ. ಐದು ಸಲ ಮಾಡಿಸಿದರು. ಐದನೆಯ ಸಲ ಶಾಬಾಶ್ ಎಂದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ಇಪ್ಪತ್ತೆರಡು ಖೋಲಿಗೆ ಕೇಳುವ ಹಾಗೆ ಅವರ ಮಾನ ಕಳೆದವಳು ನಾನು. ಅಷ್ಟೇ ಜೋರಾಗಿ ಅದನ್ನು ತಿರುಗಿ ಕೊಡಬೇಕು. ಸಂಜೆ ನೀರು ಬಿಡುವ ಹೊತ್ತು. ಹಂಡೆ, ಬಕೆಟ್ಟು ಹಿಡಿದು ಇಡೀ ಚಾಳು ನಳದ ಮುಂದೆ ಸೇರಿತ್ತು. ನಾನು ಮೆಟ್ಟಿಲು ಹತ್ತಿ ಗ್ಯಾಲರಿಯಲ್ಲಿ ನಿಂತೆ. ಕಂಬಿ ಹಿಡಿದುಕೊಂಡು ಬಾಯಿ ತೆರೆದೆ.

"ಎಲ್ಲಾರೂ ಕೇಳ್ರಿ! ನಮ್ಮ ಮನಿಯವರು ಬೀಡಿ..."

ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಮೆಟ್ಟಿಲು ಹತ್ತಿದ್ದಕ್ಕೇ ಮುಗಿದುಹೋಗಿತ್ತು. ಕೆಮ್ಮು ಶುರುವಾಯಿತು. ಕೆಮ್ಮಿದೆ, ಬಗ್ಗಿ ಕೆಮ್ಮಿದೆ, ಕೂತು ಕೆಮ್ಮಿದೆ. ಹೊರಗೆ ರಸ್ತೆಯ ಮೇಲೆ ಯಾವನೋ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಗುರುಬಾಯಿ ಕೊಡ ಕೆಳಗಿಟ್ಟು ಓಡಿಬಂದು ಬೆನ್ನು ತಿಕ್ಕಿದಳು. ಹಿಂದೆಯೇ ಖಂಡಪ್ಪ ಬಂದ. ಅವನ ಹಿಂದೆ ಅರ್ಧ ಚಾಳು.

"ಅಯ್ಯ ನಮ್ಮವ್ವ, ಈ ಕೆಮ್ಮು ನಂಗ ಗೊತ್ತದ" ಎಂದಳು ಗುರುಬಾಯಿ. ಆಮೇಲೆ ದನಿ ತಗ್ಗಿಸಿ, "ಖರೇ ಹೇಳು ಹಾಲವ್ವ. ಯಾವಾಗಿಂದ ಶುರು ಮಾಡ್ದಿ? ಗಂಡ ಹೋದ ಚಿಂತಿಗಿ ಹೆಣ್ಮಕ್ಕಳೂ ಸೇದ್ತಾರ. ತಪ್ಪೇನಿಲ್ಲ. ನಾ ಯಾರಿಗೂ ಹೇಳಂಗಿಲ್ಲ" ಎಂದಳು. ಅವಳು ದನಿ ತಗ್ಗಿಸಿದ್ದು ನಳದ ಹತ್ತಿರ ನಿಂತವರಿಗೂ ಕೇಳಿಸಿತು.

ಸಪ್ನಾ ನೀರು ತರಲು ಒಳಗೆ ಓಡಿದ್ದಳು. ಇಲ್ಲ ಎನ್ನುವುದಕ್ಕೂ ಉಸಿರು ಬೇಕು. ಅದಿಲ್ಲದೆ ನಾನು ಚೀಲದಿಂದ ಪಂಪು ತೆಗೆದೆ. ಉಸಿರು ಹೊರಗೆ ಬಿಟ್ಟು, ಬಾಯಿಗಿಟ್ಟು, ಒತ್ತಿ, ಆಳವಾಗಿ ಎಳೆದೆ. ಕಣ್ಣು ಮುಚ್ಚಿ ಹತ್ತು ಎಣಿಸಿ ಬಿಟ್ಟೆ.

ಖಂಡಪ್ಪ ಬಗ್ಗಿ ನೋಡುತ್ತಿದ್ದವನು ನೆಟ್ಟಗೆ ನಿಂತು ತಲೆ ಆಡಿಸಿದ.

"ಎಳಿಯೋ ಪದ್ಧತಿ ನೋಡ್ರಿ" ಎಂದ ಎಲ್ಲರಿಗೂ. "ಹಳೇ ರೂಢಿ ಅದ."